ರ ಗ ಸ ದ ಅ ಬರುತ್ತೆ, ಅ ಆ ಇ ಈ ಯಾಕೆ ಬರಲ್ಲ?

ಪ್ರಾಥಮಿಕ ತರಗತಿಯ ಕಲಿಕೆ ಕುರಿತ ಓದುಗರ ಪ್ರಶ್ನೆಗಳಿಗೆ ನಮ್ಮ ಶಿಕ್ಷಕ ಬಳಗದ ಉತ್ತರ

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು, ನಲಿ-ಕಲಿ. ಸೇರಿ ಎರಡು ತಿಂಗಳಾಯಿತು. ಅ ಆ ಇ ಈ ಹೇಳು ಅಂದರೆ ಸುಮ್ಮನೆ ನಿಲ್ಲುತ್ತಾಳೆ, ಸ್ಲೇಟಿನ ಮೇಲೆ ರ, ಗ, ಸ ಅಂತ ಬರೀತಾಳೆ. ಪಕ್ಕದ ಮನೆಯ ಕಾನ್ವೆಂಟ್ ಹುಡುಗ ಇಡೀ ವರ್ಣಮಾಲೆ ಒಪ್ಪಿಸುತ್ತಾನೆ. ಮನೆಪಾಠಕ್ಕೆ ಹಾಕಬೇಕಾ?
— ಒಬ್ಬ ತಾಯಿ, ಹುಣಸೂರು ತಾಲ್ಲೂಕು

ಉತ್ತರ: ಬೇಡ. ನಿಮ್ಮ ಮಗಳು ಹಿಂದೆ ಬಿದ್ದಿಲ್ಲ ತಾಯಿ, ಅವಳು ಹೋಗುತ್ತಿರುವ ದಾರಿಯೇ ಬೇರೆ. ಆಟ, ಚಟುವಟಿಕೆಗಳ ಮೂಲಕ ಕಲಿಸುವ ಈ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ನಿಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ. ಅದರಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲು ಹಿಡಿದು ಬರುವುದಿಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಈ ಮೊದಲ ಐದು ಅಕ್ಷರಗಳು ಪುಟ್ಟ ಕೈಗೆ ಸುಲಭ. ಅದಕ್ಕಿಂತ ಮುಖ್ಯವಾದದ್ದು, ಇವಿಷ್ಟೇ ಗೊತ್ತಿದ್ದರೂ ಪದ ಓದಬಹುದು: ಸರ, ಅರಸ, ಅಗಸ, ದಸರ, ಗರಗಸ. ಇಳಿ, ಗುಡಿಸು, ಕೊಂಬು ಒಂದೂ ಬೇಡ. ಬರೀ ಸ್ವರಗಳನ್ನು ಕಲಿತ ಮಗುವಿಗೆ ಅವುಗಳಿಂದ ಕಟ್ಟಲು ಪದಗಳೇ ಸಿಗುವುದಿಲ್ಲ.

ಒಪ್ಪಿಸುವುದು ಬೇರೆ, ಓದುವುದು ಬೇರೆ. ವರ್ಣಮಾಲೆಯ ಪಟದಲ್ಲಿ ‘ದ’ ಮೇಲೆ ಬೆರಳಿಟ್ಟು ‘ಇದೇನು?’ ಅಂತ ಕೇಳಿ ನೋಡಿ. ಬಾಯಿಪಾಠ ಮಾಡಿದ ಮಗು ಆ ಸಾಲನ್ನು ಮೊದಲಿನಿಂದ ಗುನುಗಿಕೊಂಡು ಬಂದು ‘ದ’ ಹತ್ತಿರ ನಿಲ್ಲುತ್ತದೆ. ನಿಮ್ಮ ಮಗಳು ನೋಡಿದ ತಕ್ಷಣ ‘ದ’ ಅಂದರೆ, ಅವಳಿಗೆ ಅಕ್ಷರ ಬಂದಿದೆ ಎಂದೇ ಅರ್ಥ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಬೆಂಕಿಪೊಟ್ಟಣದ ಅಳತೆಗೆ ಹತ್ತು ಚೂರು ಮಾಡಿ. ಐದು ಅಕ್ಷರಗಳನ್ನು ಎರಡೆರಡು ಸಲ ಬರೆಯಿರಿ (ಗರಗಸಕ್ಕೆ ಎರಡು ‘ಗ’ ಬೇಕಲ್ಲ). ನೀವು ‘ಅರಸ’ ಅನ್ನಿ, ಅವಳು ಜೋಡಿಸಲಿ. ಆಮೇಲೆ ಅವಳು ಜೋಡಿಸಲಿ, ನೀವು ಓದಿ. ಶಾಲೆಯಲ್ಲಿ ಜ ವ ಮ ಬ ನ ಬಂದ ಮೇಲಷ್ಟೇ ಹೊಸ ಚೂರು ಸೇರಿಸಿ. ಆಗ ಮರ, ಗಜ, ಜನ, ಬಸವ ಎಲ್ಲ ಬರುತ್ತವೆ. ಆ ಹಂತದಲ್ಲಿ ವ ಮತ್ತು ಮ ಅದಲುಬದಲಾಗುವುದು ಸಾಮಾನ್ಯ. ‘ತಪ್ಪು’ ಅನ್ನಬೇಡಿ. ಎರಡೂ ಚೂರು ಅಕ್ಕಪಕ್ಕ ಇಟ್ಟು ‘ಬಲಗಡೆ ಬಾಲ ಯಾವುದಕ್ಕಿದೆ?’ ಅಂತ ಕೇಳಿ, ಅವಳೇ ಹುಡುಕುತ್ತಾಳೆ. ಶಾಲೆಗಿಂತ ಮುಂದೆ ಓಡಿ ಕಾಗುಣಿತ ಹಿಡಿಸಿದರೆ ಎರಡು ಕ್ರಮ ತಲೆಯಲ್ಲಿ ಕಲಸಿಹೋಗುತ್ತವೆ.

ಇನ್ನೊಂದು ಮಾತು. ಟೀಚರ್ ಸಿಕ್ಕಾಗ ‘ನನ್ನ ಮಗಳು ಹೇಗೆ ಓದ್ತಾಳೆ?’ ಅಂತ ಕೇಳಿದರೆ ‘ಪರವಾಗಿಲ್ಲ’ ಅನ್ನುವ ಉತ್ತರವೇ ಸಿಗುವುದು. ‘ಯಾವ ಮೈಲಿಗಲ್ಲಿನಲ್ಲಿದ್ದಾಳೆ? ಯಾವ ತಟ್ಟೆಯಲ್ಲಿ ಕೂರುತ್ತಾಳೆ?’ ಅಂತ ಕೇಳಿ. ಮೈಲಿಗಲ್ಲು ಅಂದರೆ ಕಲಿಕೆಯ ಹಂತ. ತಟ್ಟೆ ಅಂದರೆ ತರಗತಿಯ ಗುಂಪು: ಶಿಕ್ಷಕರ ನೆರವು ಬೇಕಾದವರು, ಸಹಪಾಠಿಗಳ ನೆರವಿನಿಂದ ಕಲಿಯುವವರು, ತಾವೇ ಕಲಿಯುವವರು ಹೀಗೆ. ಯಾವ ಮಗು ಎಲ್ಲಿಗೆ ಬಂದಿದೆ ಎಂಬುದನ್ನು ‘ಪ್ರಗತಿ ನೋಟ’ದಲ್ಲಿ ಗುರುತು ಹಾಕಿರುತ್ತಾರೆ. ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಪ್ರಶ್ನೆ: ಮೂರನೇ ತರಗತಿಯ ಮಗನಿಗೆ ಕಳೆಯುವ ಲೆಕ್ಕ ನಾನೇ ಹೇಳಿಕೊಡುತ್ತೇನೆ. ಆದರೂ 52ರಲ್ಲಿ 27 ಕಳೆದರೆ ಒಮ್ಮೆ 35 ಬರೀತಾನೆ, ಒಮ್ಮೆ 15. ಗಮನ ಇಲ್ಲ ಅಂತ ಬೈದೂ ಆಯಿತು.
— ಒಬ್ಬ ತಂದೆ, ದಾವಣಗೆರೆ

ಉತ್ತರ: ದಯವಿಟ್ಟು ಬೈಯಬೇಡಿ ಸರ್. ಈ ಎರಡೂ ತಪ್ಪು ಗಮನವಿಲ್ಲದೆ ಆದದ್ದಲ್ಲ, ಎರಡಕ್ಕೂ ಬೇರೆ ಬೇರೆ ಕಾರಣ ಇದೆ.

35 ಬಂದರೆ, ಅವನು ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ: 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಇದೇ ಮಗು 40ರಲ್ಲಿ 17 ಕಳೆದು 37 ಎಂದೂ ಬರೆಯುತ್ತದೆ.

15 ಬಂದಿರುವುದರಲ್ಲಿ ಬಹುಶಃ ನಿಮ್ಮ ಪಾಲೂ ಇದೆ. ನಮ್ಮಲ್ಲಿ ಅನೇಕರು ಕಲಿತದ್ದು ‘ಮೇಲೆ ಹತ್ತು ಸೇರಿಸು, ಕೆಳಗೆ ಒಂದು ಕೂಡು’ ಎಂಬ ಕ್ರಮ: 12ರಲ್ಲಿ 7 ಹೋದರೆ 5, ಕೆಳಗಿನ 2 ಈಗ 3, 5ರಲ್ಲಿ 3 ಹೋದರೆ 2, ಉತ್ತರ 25. ಸರಿಯಾದ ಕ್ರಮವೇ. ಆದರೆ ಶಾಲೆಯಲ್ಲಿ ಈಗ ಹೇಳಿಕೊಡುವುದು ಮೇಲಿನ ಒಂದು ಹತ್ತನ್ನು ಬಿಡಿಸುವ ಕ್ರಮ, ಅಂದರೆ 5 ಹತ್ತು 4 ಆಗುತ್ತದೆ. ಮಗ ಶಾಲೆಯ ಮಾತು ಕೇಳಿ ಮೇಲಿನ 5ನ್ನು 4 ಮಾಡಿದ, ನಿಮ್ಮ ಮಾತು ಕೇಳಿ ಕೆಳಗಿನ 2ನ್ನು 3 ಮಾಡಿದ. 4ರಲ್ಲಿ 3 ಹೋದರೆ 1. ಇಬ್ಬರ ಮಾತನ್ನೂ ನಡೆಸಿದ್ದಕ್ಕೆ ಬಂದ ಉತ್ತರ 15. ಸರಿ ಉತ್ತರಕ್ಕಿಂತ ಸರಿಯಾಗಿ 10 ಕಮ್ಮಿ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ನಿಮ್ಮ ಕ್ರಮವನ್ನು ಸದ್ಯಕ್ಕೆ ಬದಿಗಿಡಿ. ತೆಂಗಿನ ಪೊರಕೆಯ ಕಡ್ಡಿಗಳನ್ನು ಬೆರಳುದ್ದ ಮುರಿದು 60 ಮಾಡಿಕೊಳ್ಳಿ. ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು ಮಾಡಿ, ಪಕ್ಕದಲ್ಲಿ ಎರಡು ಬಿಡಿ ಕಡ್ಡಿ ಇಡಿ. ‘27 ಕೊಡು’ ಅನ್ನಿ. ಬಿಡಿ ಎರಡೇ ಇವೆ, ಏಳು ಕೊಡಲಾಗುವುದಿಲ್ಲ. ಇಲ್ಲಿ ನೀವು ಸುಮ್ಮನಿರಬೇಕು. ಒಂದು ಕಟ್ಟು ಬಿಚ್ಚಬೇಕೆಂದು ಅವನಿಗೇ ಹೊಳೆಯಲಿ. ಬಿಚ್ಚಿದ ಮೇಲೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಮೊದಲು ಕಡ್ಡಿಯಲ್ಲೇ ದಿನಕ್ಕೆ ಐದು ಲೆಕ್ಕದಂತೆ ಮೂರ್ನಾಲ್ಕು ದಿನ, ಆಮೇಲೆ ಕಾಗದದ ಮೇಲೆ ಕಡ್ಡಿಯ ಗೀಟು ಎಳೆದು, ಕೊನೆಗೆ ಬರೀ ಅಂಕಿಯಲ್ಲಿ. ಕಡ್ಡಿಯಿಂದ ನೇರ ಅಂಕಿಗೆ ಹಾರಿಸಿದರೆ ಮತ್ತೆ 35 ಬರುತ್ತದೆ. ಇದನ್ನೆಲ್ಲ ಟೀಚರ್‌ಗೂ ತಿಳಿಸಿ. ಎರಡು ಕ್ರಮ ಕಲೆತಿರುವುದು ಅವರಿಗೆ ನೋಟ್‌ಬುಕ್ಕಿನಿಂದಷ್ಟೇ ಕಾಣದೆ ಹೋಗಬಹುದು.

ಪ್ರಶ್ನೆ: ಎರಡನೇ ತರಗತಿಗೆ ದಿನಾ ನಾಲ್ಕು ಪುಟ ಹೋಂವರ್ಕ್ ಕೊಡುತ್ತಾರೆ. ಇದು ಸರಿಯೇ?
— ಒಬ್ಬ ಪೋಷಕರು, ಬೆಂಗಳೂರು

ಉತ್ತರ: ಸರಿಯಲ್ಲ. 2019ರ ಮೇ ತಿಂಗಳ ರಾಜ್ಯ ಸರ್ಕಾರದ ಆದೇಶದಂತೆ ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡುವಂತಿಲ್ಲ. ಬ್ಯಾಗಿನ ತೂಕವೂ 2 ಕೆಜಿ ದಾಟಬಾರದು. ಆದೇಶದ ಪ್ರತಿ ಹಿಡಿದು, ನಾಲ್ಕೈದು ಪೋಷಕರು ಒಟ್ಟಿಗೆ ಹೋಗಿ ಮುಖ್ಯ ಶಿಕ್ಷಕರ ಹತ್ತಿರ ಸಮಾಧಾನವಾಗಿ ಮಾತಾಡಿ.

ಪ್ರಶ್ನೆ: ನಾನು ಶಿಕ್ಷಕಿ. ತರಗತಿಯಲ್ಲಿ 28 ಮಕ್ಕಳು. ಪೋಷಕರ ಸಭೆ ಕರೆದರೆ ಆರೇಳು ಜನ ಬರುತ್ತಾರೆ. ಹೆಚ್ಚಿನವರು ಕಾಫಿ ತೋಟದ ಕೂಲಿಗಳು, ಕೆಲವರಿಗೆ ಓದಲು ಬರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದನ್ನೂ ನೋಡುವುದಿಲ್ಲ.
— ಕೊಡಗು

ಉತ್ತರ: ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ, ಪ್ರಗತಿಯನ್ನು ಪೋಷಕರಿಗೆ ತಿಳಿಸುತ್ತಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರಿಗೇ ಹೇಳುತ್ತದೆ. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ತೋಟಕ್ಕೆ ರಜೆ ಇರುವ ದಿನ ಯಾವುದೆಂದು ಅವರನ್ನೇ ಕೇಳಿ ಗೊತ್ತುಮಾಡಿ. ಮಗುವಿಗೆ ಐದು ನಿಮಿಷವೆಂದರೂ 28 ಮಕ್ಕಳಿಗೆ 140 ನಿಮಿಷ ಬೇಕು, ಹಾಗಾಗಿ ಎರಡು ದಿನಕ್ಕೆ ಹಂಚಿ.

ಗುಂಪಿಗೆ ಬರಹ ಹಾಕಬೇಡಿ, ನಿಮ್ಮ ದನಿಯಲ್ಲೇ ಅರ್ಧ ನಿಮಿಷದ ಸಂದೇಶ ಕಳಿಸಿ, ಅದೂ ಸಂಜೆ ಅವರು ಮನೆಗೆ ಬಂದ ಮೇಲೆ. ಹೀಗೆ: ‘ಈ ವಾರ ಅಳತೆ ಕಲಿತಿದ್ದೇವೆ. ಇವತ್ತು ರಾತ್ರಿ ಅನ್ನಕ್ಕೆ ಅಕ್ಕಿ ಹಾಕುವಾಗ ಎಷ್ಟು ಲೋಟ ಅಂತ ಮಗುವೇ ಎಣಿಸಿ ಹಾಕಲಿ. ನಾಳೆ ಎಷ್ಟಾಯಿತೆಂದು ನಾನು ಕೇಳುತ್ತೇನೆ.’ ಒಂದು ಸಂದೇಶಕ್ಕೆ ಒಂದೇ ಕೆಲಸ. ಮರುದಿನ ತಪ್ಪದೆ ಕೇಳಿ. ಕೇಳದಿದ್ದರೆ ಮುಂದಿನ ವಾರ ಯಾರೂ ಮಾಡುವುದಿಲ್ಲ. ಮಗುವಿನ ಅಂಕ, ಗ್ರೇಡು ಗುಂಪಿನಲ್ಲಿ ಹಾಕಲೇಬೇಡಿ.

ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಉತ್ತರ ಪತ್ರಿಕೆ ತೋರಿಸುವಾಗ, ಮಗು ಸರಿಯಾಗಿ ಮಾಡಿದ ಒಂದು ಉತ್ತರದ ಮೇಲೆ ಬೆರಳಿಟ್ಟು ಮಾತು ಶುರುಮಾಡಿ. ಹತ್ತು ಜನರೆದುರು ‘ನಿಮ್ಮ ಮಗ ಏನೂ ಓದಲ್ಲ’ ಅನ್ನಿಸಿಕೊಂಡ ತಾಯಿ ಮುಂದಿನ ಸಲ ಹೇಗೆ ಬಂದಾಳು?