ಹಳೆಯ ಉಗಿ ರೈಲಿನ ಪ್ರವಾಸ ಹೆಚ್ಚಾಗಿ ವಾರಾಂತ್ಯದಲ್ಲೇ ಯಾಕೆ?
ಮುಖ್ಯ ಕಾರಣ ಬಾಯ್ಲರ್. ಉಗಿ ಎಂಜಿನ್ನನ್ನು ಸುಮ್ನೆ ಗುಂಡಿ ಒತ್ತಿ ಶುರು ಮಾಡಲು ಆಗುವುದಿಲ್ಲ. ತಣ್ಣಗಿರುವ ಬಾಯ್ಲರ್‌ನಲ್ಲಿ ಒತ್ತಡ ಏರಲು ಹಲವು ಗಂಟೆ ಬೇಕು. ಅವಸರ ಮಾಡಿದರೆ ಲೋಹ ಒಂದೊಂದು ಕಡೆ ಒಂದೊಂದು ರೀತಿ ಹಿಗ್ಗಿ, ಕೊಳವೆಗಳ ಸಂದು ಸೋರತೊಡಗುತ್ತದೆ. ಹಾಗಾಗಿ ಬೆಳಗಿನ ಪ್ರಯಾಣಕ್ಕೆ ನಸುಕಿಗೂ ಮೊದಲೇ ಬೆಂಕಿ ಹಾಕುತ್ತಾರೆ. ಓಡಿದ ಮೇಲೆ ಬೂದಿ ತೆಗೆಯಬೇಕು. ಆಗಾಗ ಬಾಯ್ಲರ್ ಒಳಗೆ ಕಟ್ಟಿದ ಕೆಸರನ್ನೂ ತೊಳೆಯಬೇಕು.

ಇದನ್ನೆಲ್ಲ ಮಾಡುವವರು ಎಷ್ಟೋ ಕಡೆ ಸಂಬಳವಿಲ್ಲದ ಸ್ವಯಂಸೇವಕರು. 1951ರಲ್ಲಿ ವೇಲ್ಸ್‌ನ ಟಾಲಿಲಿನ್ ರೈಲ್ವೆ ಈ ದಾರಿ ತೋರಿಸಿತು. ವಾರವಿಡೀ ಅವರಿಗೆ ಬೇರೆ ಕೆಲಸ ಇರುತ್ತದೆ ಅಲ್ವಾ?

ಹೋಗುವುದಾದರೆ ಒಂದು ಗಂಟೆ ಮೊದಲೇ ತಲುಪಿ. ಎಂಜಿನ್‌ಗೆ ನೀರು ತುಂಬಿಸಿ, ಎಣ್ಣೆ ಬಿಟ್ಟು ಅಣಿ ಮಾಡುವುದನ್ನು ನೋಡುವುದು ನನಗಂತೂ ಪ್ರಯಾಣಕ್ಕಿಂತ ಜಾಸ್ತಿ ಇಷ್ಟ.