ಜಪಾನಿನ ದನ್ನೊಊರಾ ಕಡಲಲ್ಲಿ ಯೋಧರ ದೆವ್ವಗಳಿವೆ ಅಂತಾರಲ್ಲ, ಏನದು ಕಥೆ?

ಕಥೆಯ ಹಿಂದೆ ನಿಜವಾದ ಯುದ್ಧವೇ ಇದೆ. 1185ರಲ್ಲಿ ಶಿಮೊನೊಸೆಕಿ ಬಳಿಯ ಈ ಕಿರಿದಾದ ಜಲಸಂಧಿಯಲ್ಲಿ ತೈರಾ ಮನೆತನ ಎದುರಾಳಿ ಮಿನಾಮೊಟೊ ಮನೆತನದ ಕೈಯಲ್ಲಿ ಸೋತಿತು. ಇನ್ನು ಉಳಿಗಾಲವಿಲ್ಲ ಅಂತ ಗೊತ್ತಾದಾಗ ತೈರಾ ಮನೆತನದ ಅಜ್ಜಿಯೊಬ್ಬಳು ಮೊಮ್ಮಗನನ್ನು, ಅಂದರೆ ಆರು ವರ್ಷದ ಚಕ್ರವರ್ತಿ ಅಂತೊಕುವನ್ನು, ಎತ್ತಿಕೊಂಡು ನೀರಿಗೆ ಹಾರಿದಳು. ಹೀಗೆ ಸತ್ತವರು ಸುಮ್ನೆ ಇರ್ತಾರಾ? ದೋಣಿ ಮುಳುಗಿಸುತ್ತಾರೆ, ಈಜುವವರ ಕಾಲೆಳೆಯುತ್ತಾರೆ ಅನ್ನೋ ಭಯ ಹುಟ್ಟಿತು. ಅವರನ್ನು ಸಮಾಧಾನಪಡಿಸಲು ದಡದ ಅಮಿದಾಜಿ ಎಂಬ ಬೌದ್ಧ ಮಂದಿರದಲ್ಲಿ ಪೂಜೆ ನಡೆಯುತ್ತಿತ್ತು, ಅದೇ ಈಗಿನ ಅಕಾಮಾ ಗುಡಿ.

ದೋಣಿ ಮುಳುಗಲು ದೆವ್ವವೇ ಬೇಕಿಲ್ಲ ಬಿಡಿ, ಅಲ್ಲಿನ ಸೆಳೆತ ತುಂಬಾ ಜೋರು, ಭರತ ಇಳಿತಕ್ಕೆ ತಕ್ಕಂತೆ ದಿಕ್ಕೂ ಬದಲಾಗುತ್ತದೆ.

ನನಗೆ ಜಾಸ್ತಿ ಇಷ್ಟವಾಗೋದು ಹೇಕೆ ಏಡಿ (ಹೇಕೆ ಅಂದರೆ ತೈರಾ ಮನೆತನದ್ದೇ ಇನ್ನೊಂದು ಹೆಸರು). ಅದರ ಬೆನ್ನ ಚಿಪ್ಪು ಥೇಟ್ ಸಿಟ್ಟಾದ ಯೋಧನ ಮುಖ! ಸತ್ತ ತೈರಾ ಯೋಧರೇ ಏಡಿಗಳಾದರಂತೆ. ಮುಖವಿರುವ ಏಡಿಗಳನ್ನು ಮೀನುಗಾರರು ವಾಪಸ್ ಬಿಟ್ಟಿದ್ದರಿಂದ ಅಂಥವೇ ಹೆಚ್ಚಾದವು ಎಂಬ ವಾದವನ್ನು ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಜನಪ್ರಿಯಗೊಳಿಸಿದರು. ಆದರೆ ಈ ಪುಟ್ಟ ಏಡಿಯನ್ನು ಯಾರೂ ತಿನ್ನಲ್ಲ, ಮತ್ತೆ ಆರಿಸೋ ಮಾತೆಲ್ಲಿ? ಆ ಗೆರೆಗಳು ಒಳಗೆ ಸ್ನಾಯು ಅಂಟಿಕೊಳ್ಳುವ ಜಾಗಗಳು, ಅಷ್ಟೇ.