ಬೆಳಿಗ್ಗೆ ಸಿರಪ್, ಮಧ್ಯಾಹ್ನ ಶಾಲೆಯಿಂದ ಫೋನು

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಶಾಲೆ, ಜ್ವರ, ರಜೆ ಇದೇ ವಿಷಯ. ಹಾಸನದ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೂ ಜೂನ್ ಬಂದರೆ ಇದೇ ಮಾತು. ಈ ಸಲ ನಾಲ್ಕು ಪತ್ರ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಗ ಎರಡನೇ ಕ್ಲಾಸು. ರಾತ್ರಿ ಜ್ವರ ಬರುತ್ತೆ. ಬೆಳಿಗ್ಗೆ ಸಿರಪ್ ಹಾಕಿದರೆ ಇಳಿಯುತ್ತೆ, ಆಟವಾಡ್ತಾನೆ. ಶಾಲೆಗೆ ಕಳಿಸಿದರೆ ಊಟದ ಹೊತ್ತಿಗೆ ‘ಬಂದು ಕರ್ಕೊಂಡು ಹೋಗಿ’ ಅಂತ ಟೀಚರ್ ಫೋನು. ನಾನು ಗಾರ್ಮೆಂಟ್ಸ್‌ಗೆ ಹೋಗುವವಳು, ಮಧ್ಯದಲ್ಲಿ ಎದ್ದು ಬಂದರೆ ಸಂಬಳ ಕಟ್. ಮನೆಯಲ್ಲಿ ಚೆನ್ನಾಗಿರುವವನಿಗೆ ಶಾಲೆಯಲ್ಲೇ ಯಾಕೆ ಜ್ವರ?
– ಒಬ್ಬ ತಾಯಿ, ಹಾಸನ

ಉತ್ತರ: ಜ್ವರ ಮನೆಯಿಂದಲೇ ಹೋಗಿರುತ್ತದೆ ಅಮ್ಮ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಎಂಟು ಗಂಟೆಗೆ ಹಾಕಿ ಕಳಿಸಿದರೆ ಬಿಸಿಯೂಟದ ಬೆಲ್ ಹೊಡೆಯುವ ಹೊತ್ತಿಗೆ ಮೈ ಮತ್ತೆ ಕಾಯುತ್ತದೆ. ಸಿರಪ್ ಜ್ವರವನ್ನು ತಗ್ಗಿಸುತ್ತದೆ, ಒಳಗಿನ ಸೋಂಕನ್ನು ಅದು ಮುಟ್ಟುವುದೂ ಇಲ್ಲ. ಆ ನಾಲ್ಕು ಗಂಟೆ ನಿಮ್ಮ ಮಗ ಪಕ್ಕದ ಮಕ್ಕಳಿಗೆ ಅದನ್ನು ಹಂಚುತ್ತಾ ಕೂತಿರುತ್ತಾನೆ.

ಲೆಕ್ಕ ಇಷ್ಟೇ. ಔಷಧಿ ಹಾಕದೆ 24 ಗಂಟೆ ಜ್ವರ ಬರದಿದ್ದರೆ ಕಳಿಸಿ. ಕೈಯಿಟ್ಟು ನೋಡಿದ್ದು ಸಾಲದು, ಥರ್ಮಾಮೀಟರ್ ಇಡಿ. 100.4 ಡಿಗ್ರಿ ದಾಟಿದರೆ ಅದು ಜ್ವರ. ವಾಂತಿ, ಭೇದಿ ಇದ್ದರೆ ಅದು ನಿಂತ ಮೇಲೂ ಒಂದು ದಿನ ಮನೆಯಲ್ಲಿರಲಿ. ಬರೀ ಮೂಗು ಸೋರುತ್ತಿದೆ, ಜ್ವರವಿಲ್ಲ, ತಿಂಡಿ ತಿನ್ನುತ್ತಾನೆ ಅಂದರೆ ಧಾರಾಳವಾಗಿ ಕಳಿಸಿ. ನಮ್ಮ ಕಡೆ ಮಳೆಗಾಲದಲ್ಲಿ ಮೂಗು ಸೋರದ ಮಗು ಎಲ್ಲಿ ಸಿಗುತ್ತೆ?

ನಿಮ್ಮ ಸಂಬಳದ ಕಷ್ಟ ಗೊತ್ತು. ಆದರೆ ಹೀಗೆ ಕಳಿಸಿದರೆ ರಜೆ ಉಳಿಯುವುದಿಲ್ಲ, ಅರ್ಧ ದಿನ ಮುಂದಕ್ಕೆ ಹೋಗುತ್ತದೆ ಅಷ್ಟೆ. ಜ್ವರ ಬಂದ ರಾತ್ರಿಯೇ ಅಜ್ಜಿಗೋ ಪಕ್ಕದ ಮನೆಯವರಿಗೋ ಹೇಳಿಟ್ಟುಕೊಳ್ಳಿ.

ಸಿರಪ್ಪಿನ ಬಾಟಲಿಯನ್ನೂ ಒಮ್ಮೆ ನೋಡಿ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತೆ, 250 ಇರುವುದೂ ಸಿಗುತ್ತೆ. ಒಂದು ಸಲಕ್ಕೆ ಕೊಡಬೇಕಾದದ್ದು ಮಗುವಿನ ತೂಕದ ಒಂದು ಕಿಲೋಗೆ 15 ಮಿಲಿಗ್ರಾಂ. 20 ಕಿಲೋ ಹುಡುಗನಿಗೆ 250ರ ಬಾಟಲಿಯಲ್ಲಿ 6 ಎಂಎಲ್ ಆಗುತ್ತದೆ. ‘ಒಂದು ಮುಚ್ಚಳ’ ಅನ್ನುವುದು ಅಳತೆಯಲ್ಲ. ಬಾಟಲಿಯನ್ನು ಸ್ಕೂಲ್ ಬ್ಯಾಗಿಗೆ ಹಾಕಿ ಕಳಿಸಲೂಬೇಡಿ. ಮೂರು ದಿನ ದಾಟಿದರೂ ಜ್ವರ ಬಿಡದಿದ್ದರೆ, ಉಸಿರು ಜೋರಾದರೆ, ಮಂಕಾಗಿ ಮಲಗಿಬಿಟ್ಟರೆ, ಉಚ್ಚೆ ಕಡಿಮೆಯಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಶಾಲೆಯವರಿಗೂ ಒಂದು ಮಾತು. ‘ಪೂರ್ಣ ಹಾಜರಾತಿ’ಗೆ ಬಹುಮಾನ ಕೊಡುವುದನ್ನು ನಿಲ್ಲಿಸಿ. ಆ ಸ್ಟೀಲ್ ಲೋಟಕ್ಕಾಗಿ ಕೆಂಡದಂಥ ಮೈ ಇಟ್ಟುಕೊಂಡು ಬಂದ ಮಕ್ಕಳನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಮೊಮ್ಮಗಳಿಗೆ ಅಮ್ಮ ಆಗಿದೆ. ಬೇವಿನ ಸೊಪ್ಪು ಹಾಸಿ ಮಲಗಿಸಿದ್ದೇವೆ, ಸ್ನಾನ ಮಾಡಿಸಿಲ್ಲ. ಐದು ದಿನವಾಯ್ತು. ಟೆಸ್ಟ್ ಇದೆ ಅಂತಾಳೆ. ಕಳಿಸಬಹುದಾ?
– ಒಬ್ಬ ಅಜ್ಜ, ಮೂಡಿಗೆರೆ

ಉತ್ತರ: ಯಜಮಾನರೇ, ಅಮ್ಮ ಅಂದರೆ ಚಿಕನ್‌ಪಾಕ್ಸ್. ಇದರಲ್ಲಿ ಕ್ಯಾಲೆಂಡರ್ ಬಿಟ್ಟು ಮೈ ನೋಡಿ. ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಿರಬೇಕು, ಹೊಸದು ಏಳಬಾರದು. ಸಾಮಾನ್ಯವಾಗಿ ಐದರಿಂದ ಏಳು ದಿನ ಹಿಡಿಯುತ್ತದೆ. ನೀರು ತುಂಬಿದ ಒಂದು ಗುಳ್ಳೆ ಇದ್ದರೂ ಕಳಿಸಬೇಡಿ. ಟೆಸ್ಟ್ ಆಮೇಲೆ ಬರೆಯಲಿ.

ಬೇವಿನ ಸೊಪ್ಪಿಗೆ ನನ್ನ ತಕರಾರಿಲ್ಲ, ಸ್ನಾನ ನಿಲ್ಲಿಸಿದ್ದಕ್ಕೆ ಇದೆ. ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜದೆ ಬಟ್ಟೆ ಒತ್ತಿ ಒರೆಸಿ. ಮೈ ಕೊಳೆಯಾಗಿದ್ದರೆ, ಕೆರೆದುಕೊಂಡ ಗುಳ್ಳೆ ಕೀವಾಗುತ್ತದೆ. ಉಗುರು ಕತ್ತರಿಸಿ. ಜ್ವರಕ್ಕೆ ಆಸ್ಪಿರಿನ್ ಮಾತ್ರ ಬೇಡವೇ ಬೇಡ, ಈ ಕಾಯಿಲೆಯಲ್ಲಿ ಮಕ್ಕಳ ಮೆದುಳಿಗೂ ಲಿವರ್‌ಗೂ ಅಪಾಯ ತರಬಹುದು. ಮನೆಯಲ್ಲಿ ಬಸುರಿಯರಿದ್ದು ಅವರಿಗೆ ಮುಂಚೆ ಅಮ್ಮ ಆಗಿರದಿದ್ದರೆ ಇವತ್ತೇ ಅವರ ಡಾಕ್ಟರಿಗೆ ತಿಳಿಸಿ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಹರಡಲು ಶುರುವಾಗುತ್ತದೆ. ಹಾಗಾಗಿ ಎರಡು ಮೂರು ವಾರದಲ್ಲಿ ಅವಳ ಗೆಳತಿಯರಿಗೂ ಬರಬಹುದು. ಟೀಚರಿಗೆ ಹೇಳಿಬಿಡಿ. ಮುಚ್ಚಿಡುವಂಥದ್ದೇನಿಲ್ಲ.

ಪ್ರಶ್ನೆ: ಸರ್ಕಾರಿ ಶಾಲೆಗೆ ಡಾಕ್ಟರ ತಂಡ ಬಂದಿತ್ತು. ಮಗಳ ಎದೆಯಲ್ಲಿ ‘ಮರ್ಮರ್’ ಸದ್ದಿದೆ ಅಂತ ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟಿದ್ದಾರೆ. ಅವಳು ಖೋಖೋದಲ್ಲಿ ಎಲ್ಲರಿಗಿಂತ ಜೋರು. ಹೋಗಲೇಬೇಕಾ?
– ಒಬ್ಬ ರೈತ, ಅರಕಲಗೂಡು

ಉತ್ತರ: ಹೋಗಿ. ಹೆದರಿಕೊಂಡು ಹೋಗಬೇಡಿ, ಆದರೆ ಹೋಗಿ. ಮರ್ಮರ್ ಅಂದರೆ ಹೃದಯದಲ್ಲಿ ರಕ್ತ ಹರಿಯುವಾಗ ಬರುವ ಒಂದು ಸದ್ದು. ಎಷ್ಟೋ ಆರೋಗ್ಯವಂತ ಮಕ್ಕಳಲ್ಲೂ ಅದು ಕೇಳುತ್ತದೆ, ರಕ್ತ ಕಡಿಮೆಯಿದ್ದರೂ ಕೇಳುತ್ತದೆ. ಕೆಲವರಲ್ಲಿ ಮಾತ್ರ ಹೃದಯದಲ್ಲಿ ರಂಧ್ರವಿರುತ್ತದೆ. ಸಣ್ಣ ರಂಧ್ರವಿದ್ದರೆ ಮಗು ಓಡಿಯಾಡಿಕೊಂಡೇ ಬೆಳೆಯಬಹುದು. ಹಾಗಾಗಿ ನಿಮ್ಮ ಖೋಖೋ ಸಾಕ್ಷಿ ನಡೆಯುವುದಿಲ್ಲ! ಎಕೋ ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ, ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ.

ನಿಮ್ಮಲ್ಲಿಗೆ ಬಂದದ್ದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವಿರಬೇಕು. ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಈ ಯೋಜನೆಯಲ್ಲಿ ತಪಾಸಣೆಯೂ ಉಚಿತ, ಮುಂದಿನ ಚಿಕಿತ್ಸೆಯೂ ಉಚಿತ. ಆ ಚೀಟಿಯೇ ನಿಮ್ಮ ಟಿಕೆಟ್ಟು, ಅದನ್ನು ಹಿಡಿದು ಹಾಸನದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಗೊಬ್ಬರದ ರಸೀತಿ ಜೊತೆ ಗೂಡಿನಲ್ಲಿ ಸಿಕ್ಕಿಸಿ ಮರೆಯಬೇಡಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಜಂತುಹುಳು ಮಾತ್ರೆ ಕೊಡಬೇಕು. ಹೋದ ಸಲ ಇಬ್ಬರಿಗೆ ಹೊಟ್ಟೆನೋವು ಬಂದು ಊರೇ ಶಾಲೆಗೆ ಬಂತು. ಈ ಸಲ ಏನು ಮಾಡಲಿ?
– ಶಿಕ್ಷಕಿ, ಕಡೂರು ತಾಲ್ಲೂಕು

ಉತ್ತರ: ಹಿಂದಿನ ದಿನವೇ ತಾಯಂದಿರನ್ನು ಕರೆದು ಹೇಳಿಬಿಡಿ ಮೇಡಂ. ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದ ಮಗುವಿಗೆ ಸ್ವಲ್ಪ ನೋವು, ವಾಕರಿಕೆ ಬರಬಹುದು, ತಾನಾಗೇ ಹೋಗುತ್ತದೆ. ನೆರಳಲ್ಲಿ ಮಲಗಿಸಿ ನೀರು ಕೊಟ್ಟರೆ ಸಾಕು. ಅದಕ್ಕೂ ಕಡಿಮೆಯಾಗದಿದ್ದರೆ ಆಶಾ ಅಥವಾ ನರ್ಸಮ್ಮನಿಗೆ ಫೋನ್ ಮಾಡಿ. 400 ಮಿಲಿಗ್ರಾಂನ ಅಲ್ಬೆಂಡಜೋಲ್ ಮಾತ್ರೆ ಅದು, ನಿಮ್ಮ ಎದುರಿಗೇ ಅಗಿದು ತಿನ್ನಲಿ. ಇಡೀ ಮಾತ್ರೆ ನುಂಗಲು ಹೋದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮನೆಗೆ ಕಟ್ಟಿ ಕಳಿಸಬೇಡಿ. ಜ್ವರವಿರುವ ಮಕ್ಕಳಿಗೆ ಅವತ್ತು ಕೊಡಬೇಡಿ. ಅವರ ಹೆಸರು ಬರೆದಿಟ್ಟುಕೊಂಡು, ಬಿಟ್ಟುಹೋದವರಿಗೆಂದೇ ಮುಂದಿನ ವಾರ ಇಡುವ ದಿನ ಕೊಡಿ.